ಜಮಖಾನೆಯವನ ದನಿ

ಅಮೆರಿಕದ ಡಬ್ಲಿನ್ನಿನ ಕನ್ನಡ ಹಿರಿಯರ ಕೂಟಕ್ಕೆ ಪ್ರತಿ ತಿಂಗಳ ಎರಡನೆಯ ಶನಿವಾರ ಇಪ್ಪತ್ತೈದು ಮೂವತ್ತು ಮಂದಿ ಬರುತ್ತಾರೆ. ಸಿನಿಮಾ ನೋಡಲು ಬರುತ್ತೇವೆ ಎಂದು ಅವರು ಮಕ್ಕಳಿಗೆ ಹೇಳುವುದುಂಟು. ನಿಜವಾಗಿ ಅವರು ಬರುವುದು ಖತೀಜಮ್ಮನ ಬಾಯಲ್ಲಿ ಸಿನಿಮಾ ಕೇಳಲು. ದೇಶದೇಶದ ಹಳೆಯ ಚಿತ್ರಗಳು. ಪರದೆಯ ಕೆಳಗೆ ಇಂಗ್ಲಿಷ್ ಅಕ್ಷರಗಳು ಓಡುತ್ತವೆ. ಓದುವ ಕನ್ನಡಕವನ್ನು ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ನಾಯಕ ಊರು ಬಿಟ್ಟು ಹೋಗಿರುತ್ತಾನೆ. ಅದಕ್ಕಾಗಿ ಪರದೆಯ ಪಕ್ಕದಲ್ಲಿ ಒಂದು ಎತ್ತರದ ಸ್ಟೂಲು, ಒಂದು ಮೈಕು. ಸ್ಟೂಲಿನ ಮೇಲೆ ಅರವತ್ತೇಳು ವರ್ಷದ ಖತೀಜಮ್ಮ, ತೊಡೆಯ ಮೇಲೆ ರೂಲುಪಟ್ಟಿಯ ನೋಟ್‌ಬುಕ್ಕು. ಇಟಲಿಯ ಮುದುಕಿ, ಜಪಾನಿನ ಪೊಲೀಸಿನವನು, ರಷ್ಯಾದ ಗಾಡಿ ಹೊಡೆಯುವವನು, ಎಲ್ಲರೂ ಆಕೆಯ ಗಂಟಲಿನಿಂದ ಒಳ್ಳೆಯ ಮೈಸೂರು ಕನ್ನಡ ಮಾತನಾಡುತ್ತಾ ಹೊರಗೆ ಬರುತ್ತಾರೆ.

ಇದು ಯಾರೂ ಯೋಜಿಸಿದ್ದಲ್ಲ. ಎರಡು ವರ್ಷದ ಹಿಂದೆ ಇರಾನಿನ ಚಿತ್ರವೊಂದನ್ನು ಹಾಕಿದ್ದರು. ಹಾಲಿನಲ್ಲಿದ್ದ ಅರ್ಧ ಮಂದಿ ತೂಕಡಿಸುತ್ತಿದ್ದರು. ಖತೀಜಮ್ಮನ ಪಕ್ಕದಲ್ಲಿ ಬಾಗಲಕೋಟೆಯ ಕಡೆಯ ಸಂಗನಬಸಪ್ಪನವರು ಕುಳಿತಿದ್ದರು. ಅವರು ಕಣ್ಣಿನ ಪೊರೆಯನ್ನು ಆಗಿನ್ನೂ ತೆಗೆಸಿರಲಿಲ್ಲ. ‘ಏನ್ ನಡದೈತಿ ತಂಗಿ, ಸ್ವಲ್ಪ ಹೇಳವಾ’ ಎಂದರು. ಆಕೆ ಮೆಲ್ಲಗೆ ಹೇಳತೊಡಗಿದರು. ಹತ್ತು ನಿಮಿಷದಲ್ಲಿ ಮುಂದಿನ ಸಾಲಿನವರು ಕುರ್ಚಿ ತಿರುಗಿಸಿಕೊಂಡರು. ಮರುತಿಂಗಳು ಕೂಟ ನಡೆಸುವ ಶ್ರೀಕಂಠ ಅವರು ಮೈಕು ತಂದುಕೊಟ್ಟರು.

ಓದಿ ಹೇಳುವುದು ಖತೀಜಮ್ಮನಿಗೆ ಹುಟ್ಟಿನಿಂದ ಬಂದದ್ದು ಎನ್ನಬೇಕು. ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ಆಕೆಯ ತಂದೆಗೆ ಪುಸ್ತಕದ ಬೈಂಡಿಂಗ್ ಅಂಗಡಿ ಇತ್ತು. ಕೈತುಂಬ ಮೈದಾ ಅಂಟು. ಓದುವ ಹುಚ್ಚು ಮಾತ್ರ ಬಹಳ. ಹೊಲಿಗೆಗೆ ಬಂದ ಕನ್ನಡ ಪುಸ್ತಕಗಳ ಹಾಳೆಗಳನ್ನು ಶಾಲೆಯಿಂದ ಬಂದ ಮಗಳ ಮುಂದಿಟ್ಟು, ಜೋರಾಗಿ ಓದು ಎನ್ನುತ್ತಿದ್ದರು. ರಾಜನೂ ಸೇವಕನೂ ಒಂದೇ ದನಿಯಲ್ಲಿ ಮಾತನಾಡಿದರೆ ಅವರಿಗೆ ಆಗುತ್ತಿರಲಿಲ್ಲ. ಸೂಜಿ ನಿಲ್ಲಿಸಿ ತಲೆಯೆತ್ತಿ ನೋಡುವರು. ಹುಡುಗಿ ದನಿ ಬದಲಿಸಿದ ಮೇಲೆಯೇ ಸೂಜಿ ಮುಂದೆ ಹೋಗುತ್ತಿದ್ದದ್ದು.

ಶಾಲೆಯಲ್ಲಿಯೂ ಆಕೆಯ ದನಿಗೆ ಬೆಲೆ ಇತ್ತು. ಆದರೆ ವಾರ್ಷಿಕೋತ್ಸವದ ನಾಟಕ ಬಂತೆಂದರೆ ಆಕೆಗೆ ಸಿಕ್ಕುತ್ತಿದ್ದುದು ಒಂದೇ ಪಾತ್ರ. ಆ ಕಾಲದ ಎಲ್ಲ ಹಾಸ್ಯನಾಟಕಗಳಲ್ಲಿಯೂ ಒಬ್ಬ ಸಾಬಿ ಇರುತ್ತಿದ್ದನಲ್ಲ, ಕೆಂಪು ಟೋಪಿ, ಪಟ್ಟೆಪಟ್ಟೆಯ ಲುಂಗಿ, ‘ನಮ್ದೂಕೆ ನಿಮ್ದೂಕೆ’ ಎಂಬ ಮಾತು, ಅವನ ಪಾತ್ರ. ನಿನಗೆ ಅದು ಸಲೀಸು ಎಂದು ಮೇಷ್ಟರು ಪ್ರೀತಿಯಿಂದಲೇ ಹೇಳುತ್ತಿದ್ದರು. ಮನೆಯಲ್ಲಿ ಆಡುತ್ತಿದ್ದದ್ದು ದಖನಿ ಉರ್ದು. ಬೀದಿಯಲ್ಲಿ ಆಡುತ್ತಿದ್ದದ್ದು ಎಲ್ಲರೂ ಆಡುವ ಕನ್ನಡ. ಈ ಮೂರನೆಯ ಭಾಷೆಯನ್ನು ಆಕೆ ಕಲಿತದ್ದು ಶಾಲೆಯಲ್ಲಿಯೇ, ಸಂಸ್ಕೃತದ ಶಬ್ದರೂಪಗಳನ್ನು ಕಲಿತ ಹಾಗೆ ಬಾಯಿಪಾಠ ಮಾಡಿ. ಚಪ್ಪಾಳೆಯೂ ಬರುತ್ತಿತ್ತು. ಚಪ್ಪಾಳೆ ಯಾರಿಗೆ ಬೇಡ?

ಮದುವೆಯಾಗಿ, ಡಬ್ಲಿನ್ನಿಗೆ ಅರ್ಧ ಗಂಟೆಯ ದಾರಿಯ ಓಕ್ಲ್ಯಾಂಡಿಗೆ ಬಂದರು. ಗಂಡ ಮೆಹಬೂಬ್ ಸಾಬ್ ಬಂದರಿನಲ್ಲಿ ಕ್ರೇನುಗಳ ರಿಪೇರಿ ಮಾಡುತ್ತಿದ್ದರು. ಈಕೆ ಅಲ್ಲಿಯ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ರೋಗಿಗಳ ಊಟದ ಟ್ರೇ ಜೋಡಿಸಿದರು: ಇವರಿಗೆ ಉಪ್ಪಿಲ್ಲದ್ದು, ಅವರಿಗೆ ಸಕ್ಕರೆಯಿಲ್ಲದ್ದು, ಮತ್ತೊಬ್ಬರಿಗೆ ಅಗಿಯದೆ ನುಂಗುವಂಥದ್ದು. ನಾಲ್ಕು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಮಗ ಆಕಿಬ್ ತನ್ನ ಮನೆಗೆ, ಡಬ್ಲಿನ್ನಿಗೆ, ಕರೆತಂದ. ಮಗ ಸೊಸೆ ಹಗಲೆಲ್ಲ ಮೀಟಿಂಗು. ಮೊಮ್ಮಗಳು ಯುಸ್ರಾ ಹೈಸ್ಕೂಲು. ಕನ್ನಡದಲ್ಲಿ ಹೊಟ್ಟೆತುಂಬ ಮಾತನಾಡಲು ಖತೀಜಮ್ಮನಿಗೆ ಇದ್ದದ್ದು ಆ ಎರಡನೆಯ ಶನಿವಾರ, ಆ ಸ್ಟೂಲು.

ಏಪ್ರಿಲ್ ತಿಂಗಳ ಚಿತ್ರವನ್ನು ಆರಿಸಿದ ಶ್ರೀಕಂಠ ಅವರು ಉತ್ಸಾಹದಿಂದ ಫೋನು ಮಾಡಿದರು. ಬೆಂಗಳೂರಿನ ಬಸವನಗುಡಿಯವರು, ನಿವೃತ್ತ ಎಂಜಿನಿಯರು, ಯಾರಿಗೂ ಒಂದು ಕೆಟ್ಟ ಮಾತು ಆಡಿದವರಲ್ಲ.

‘ಖತೀಜಮ್ಮ, ಈ ಸಲ ಫ್ರೆಂಚ್ ಕಾಮಿಡಿ. ಐವತ್ತು ವರ್ಷದ ಹಳೇದು. ನಾನು ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಲಿಂಕ್ ಕಳ್ಸಿದೀನಿ. ಅದರಲ್ಲಿ ಒಬ್ಬ ಜಮಖಾನೆ ಮಾರೋವ್ನು ಬರ್ತಾನೆ ನೋಡಿ, ಆಲ್ಜೀರಿಯಾದವನು. ಅವನಿಗೆ ನಮ್ಮ ನಾಟಕದ ಸಾಬ್ರ ಕನ್ನಡ ಕೊಟ್ಬಿಡಿ. ಹಾಲ್ ಎದ್ದು ಬೀಳತ್ತೆ!’

‘ಆಗ್ಲಿ ಶ್ರೀಕಂಠಣ್ಣ, ಅದೇನು ಕಷ್ಟ’ ಎಂದರು ಖತೀಜಮ್ಮ. ಅವರಿಗೆ ನಿಜವಾಗಿಯೂ ಕಷ್ಟವೆನಿಸಲಿಲ್ಲ.

ಚಿತ್ರದ ಕಥೆ ಇಷ್ಟು. ಛತ್ರಿ ಕಾರ್ಖಾನೆಯ ಧಣಿಯೊಬ್ಬ ತನ್ನ ಊರಿನ ಮೇಯರ್ ಚುನಾವಣೆಗೆ ನಿಂತಿದ್ದಾನೆ. ಊರಿಗೆ ಹೊರಗಿನವರು ಬರಬಾರದು ಎಂಬುದೇ ಅವನ ಭಾಷಣ. ಮತದಾನದ ದಿನ ಬೆಳಗ್ಗೆ ಪೇಪರು ಎತ್ತಿಕೊಳ್ಳಲು ಹೊಸ್ತಿಲು ದಾಟಿದವನ ಬೆನ್ನ ಹಿಂದೆ ಬಾಗಿಲು ಹಾಕಿಕೊಳ್ಳುತ್ತದೆ. ಮೈಮೇಲೆ ಚಡ್ಡಿ ಬನಿಯನ್ನು ಮಾತ್ರ. ಆ ಹೊತ್ತಿಗೆ ಬೀದಿಯಲ್ಲಿ ಬಂದ ಜಮಖಾನೆ ಮಾರುವವನು ಅವನಿಗೊಂದು ಜಮಖಾನೆ ಹೊದಿಸಿ, ಸಂದಿಗೊಂದಿಗಳಲ್ಲಿ ಮರೆಮಾಡಿಕೊಂಡು ಪುರಭವನ ಮುಟ್ಟಿಸುತ್ತಾನೆ. ದಾರಿಯಲ್ಲಿ ಧಣಿ ಹೆಸರು ಕೇಳುತ್ತಾನೆ. ಇವನು ತನ್ನ ಹೆಸರು, ತಂದೆಯ ಹೆಸರು, ಊರಿನ ಹೆಸರು ಸೇರಿಸಿ ಹೇಳುತ್ತಾನೆ. ‘ಅಷ್ಟುದ್ದ ಯಾಕೆ? ಜಮಖಾನೆ ಅಂತಲೇ ಕರೆಯುತ್ತೇನೆ’ ಎನ್ನುತ್ತಾನೆ ಧಣಿ. ಅದು ಚಿತ್ರದ ಹೆಸರಾಂತ ನಗೆಯಂತೆ.

ಬುಧವಾರ ಅಡುಗೆಮನೆಯ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಖತೀಜಮ್ಮ ಮಾತುಗಳನ್ನು ಬರೆದುಕೊಂಡರು. ಜಮಖಾನೆಯವನ ಸರದಿ ಬಂದಾಗ ದನಿ ತಾನೇ ಹೊರಟಿತು: ‘ನಮ್ದೂಕೆ ಜಮಖಾನಾ ಬಹುತ್ ಅಚ್ಛಾ ಐತೆ ಸಾಮೀ! ನಿಮ್ದೂಕೆ ಥಂಡಿ ಆಗ್ತೈತೆ!’ ಐವತ್ತು ವರ್ಷವಾದರೂ ಒಂದು ಎಳೆ ಸಡಿಲವಾಗಿರಲಿಲ್ಲ. ಆಕೆಗೇ ನಗು ಬಂತು.

ಶಾಲೆಯಿಂದ ಬಂದು ಫ್ರಿಜ್ಜಿನ ಮುಂದೆ ನಿಂತಿದ್ದ ಯುಸ್ರಾ ಕೂಡ ನಕ್ಕಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ. ಬಾಯಿಗೆ ಬರುವುದು ಇಂಗ್ಲಿಷು. ಅದು ಯಾರು ದಾದಿ, ಎಂದು ಅಜ್ಜಿಯನ್ನು ಕೇಳಿದಳು.

‘ಸಿನಿಮಾದಲ್ಲಿ ಒಬ್ಬ ಸಾಬಿ ಕಣೇ.’

ದಾದಾ ಕನ್ನಡ ಮಾತಾಡುವಾಗ ಹೀಗೇ ಮಾತಾಡುತ್ತಿದ್ದರಾ, ಎಂದು ತೀರಿಹೋದ ಅಜ್ಜನ ಬಗ್ಗೆ ಕೇಳಿದಳು.

‘ಛೆ, ಅವರ ಕನ್ನಡ ಕೇಳಬೇಕಿತ್ತು ನೀನು. ಮೇಷ್ಟ್ರ ಕನ್ನಡ.’

ನಿಮ್ಮ ಅಬ್ಬಾ?

‘ಇಲ್ಲಪ್ಪ.’

ಹಾಗಾದರೆ ಯಾರು ಹೀಗೆ ಮಾತಾಡುವುದು?

ಖತೀಜಮ್ಮ ಉತ್ತರಕ್ಕೆ ಬಾಯಿ ತೆರೆದರು. ಇಡೀ ಲಷ್ಕರ್ ಮೊಹಲ್ಲಾವನ್ನು ಮನಸ್ಸಿನಲ್ಲಿಯೇ ಒಂದು ಸುತ್ತು ಹಾಕಿದರು. ಗುಜರಿಯ ಅಂಗಡಿಯವರು, ಬೀಡಿ ಕಟ್ಟುವವರು, ಕುದುರೆಗೆ ಲಾಳ ಹೊಡೆಯುವವರು. ಹೊರಗಿನಿಂದ ಬಂದ ಕಲ್ಲಂಗಡಿ ಮಾರುವವನೊಬ್ಬ ಅಲ್ಪಸ್ವಲ್ಪ ತಡವರಿಸುತ್ತಿದ್ದ, ಆದರೆ ಹೀಗಲ್ಲ. ಯುಸ್ರಾ ಮೊಸರಿನ ಡಬ್ಬಿ ತೆಗೆದುಕೊಂಡು ತನ್ನ ರೂಮಿಗೆ ಹೋದಳು. ಉತ್ತರಕ್ಕೆ ಕಾಯಲೂ ಇಲ್ಲ. ಅಜ್ಜಿ ಮಾತ್ರ ಪೆನ್ನಿಗೆ ಮುಚ್ಚಳ ಹಾಕಿ ನೋಟ್‌ಬುಕ್ಕು ಮುಚ್ಚಿಟ್ಟರು.

ಮರುದಿನ ಶ್ರೀಕಂಠ ಅವರಿಗೆ ತಾವೇ ಫೋನು ಮಾಡಿದರು.

‘ಶ್ರೀಕಂಠಣ್ಣ, ಆ ಜಮಖಾನೆಯವನ ಮಾತನ್ನ ನಾಟಕದ ಸಾಬ್ರ ಥರ ಹೇಳಲ್ಲ ನಾನು.’

‘ಅಯ್ಯೋ, ಯಾಕಮ್ಮ? ತಮಾಷೆ ಅಷ್ಟೇ ಅಲ್ವಾ! ಒರಿಜಿನಲ್ಲಲ್ಲೇ ಅವನು ತಪ್ಪುತಪ್ಪು ಫ್ರೆಂಚ್ ಮಾತಾಡ್ತಾನೆ. ನಾವು ಅದನ್ನ ಶುದ್ಧ ಮಾಡಿದ್ರೆ ಸಿನಿಮಾಕ್ಕೇ ಮೋಸ.’

‘ತಪ್ಪು ಮಾತಾಡ್ಲಿ. ಅವನ ತಪ್ಪು ಮಾತಾಡ್ಲಿ. ನಮ್ಮ ನಾಟಕದವರ ತಪ್ಪು ಅವನ ಬಾಯಿಗೆ ಯಾಕೆ ಹಾಕ್ಬೇಕು?’

‘ಸೂಕ್ಷ್ಮ ಜಾಸ್ತಿ ಆಯ್ತು ನಿಮ್ದು. ನೋಡಿ, ಬೇರೆ ಯಾರಾದ್ರೂ ಹೇಳಿದ್ರೆ ತಪ್ಪು ತಿಳೀಬಹುದು. ನೀವೇ ಹೇಳಿದ್ರೆ ಯಾರಿಗೂ ಬೇಜಾರಾಗಲ್ಲ.’

‘ಯಾರಿಗೂ ಅಂದ್ರೆ?’

‘ಶನಿವಾರ ನೋಡೋಣ ಬಿಡಿ’ ಎಂದರು ಶ್ರೀಕಂಠ.

ಅವರು ಹೇಳಿದ್ದರಲ್ಲಿ ಒಂದು ಮಾತನ್ನು ಖತೀಜಮ್ಮನಿಗೆ ತಳ್ಳಿಹಾಕಲಾಗಲಿಲ್ಲ. ಆ ಮನುಷ್ಯ ನಿಜಕ್ಕೂ ಹರುಕುಮುರುಕು ಫ್ರೆಂಚನ್ನೇ ಆಡುತ್ತಾನೆ. ಅವನಿಗೆ ಲಷ್ಕರ್ ಮೊಹಲ್ಲಾದ ಅಚ್ಚ ಕನ್ನಡ ಕೊಟ್ಟರೂ ಸುಳ್ಳೇ. ಮತ್ತೆ ಹೇಗೆ? ಶುಕ್ರವಾರ ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಆ ದೃಶ್ಯಗಳನ್ನಷ್ಟೇ ಮತ್ತೆ ಮತ್ತೆ ಹಾಕಿ ನೋಡಿದರು. ಈ ಸಲ ಅಕ್ಷರಗಳನ್ನು ಓದಲಿಲ್ಲ, ದನಿಯನ್ನೂ ನಿಲ್ಲಿಸಿಬಿಟ್ಟರು. ಒಂದೂವರೆ ಗಂಟೆಯ ಚಿತ್ರದಲ್ಲಿ ಆ ಮನುಷ್ಯನಿಗೆ ಸಿಕ್ಕಿದ್ದು ನಾಲ್ಕು ನಿಮಿಷ. ಕ್ಷೌರಿಕನಿಗೆ, ಪಾದ್ರಿಗೆ, ಬ್ರೆಡ್ಡಿನ ಅಂಗಡಿಯವಳಿಗೆ, ಅವಳ ನಾಯಿಗೆ ಕೂಡ ಒಂದೊಂದು ಹೆಸರಿದೆ. ಕೊನೆಯಲ್ಲಿ ಬರುವ ಪಾತ್ರಗಳ ಪಟ್ಟಿಯಲ್ಲಿ ಇವನು ‘ಜಮಖಾನೆ ಮಾರುವವನು’. ನಟ ನಿಜವಾಗಿಯೂ ಆ ದೇಶದವನೋ, ಮುಖಕ್ಕೆ ಬಣ್ಣ ಬಳಿದುಕೊಂಡವನೋ ತಿಳಿಯಲಿಲ್ಲ. ಯಾರೇ ಆಗಲಿ, ಒಂದು ಕೆಲಸವನ್ನು ಅವನು ಶ್ರದ್ಧೆಯಿಂದ ಮಾಡಿದ್ದ. ಪ್ರತಿ ಮಾತಿಗೆ ಮೊದಲು ಎದುರಿನವನ ತುಟಿಯನ್ನು ನೋಡುತ್ತಾನೆ. ಗಂಟಲು ಒಮ್ಮೆ ಏರಿ ಇಳಿಯುತ್ತದೆ. ಆಮೇಲೆ ಮಾತು.

ಆ ಗಂಟಲು ಏರಿ ಇಳಿಯುವುದನ್ನು ಖತೀಜಮ್ಮ ಬಲ್ಲರು. ಆಸ್ಪತ್ರೆಯ ಕೆಲಸಕ್ಕೆ ಸೇರಿದ ಮೊದಲ ತಿಂಗಳು, ಬಸ್ಸಿನಲ್ಲಿ ಕುಳಿತು ಆ ದಿನ ಬೇಕಾಗುವ ಇಂಗ್ಲಿಷ್ ವಾಕ್ಯಗಳನ್ನು ಮನಸ್ಸಿನಲ್ಲಿಯೇ ಜೋಡಿಸಿಕೊಂಡು ಹೋಗುತ್ತಿದ್ದರು. ಕ್ರಿಯಾಪದ ಎಲ್ಲಿಡಬೇಕು ಎಂದು ತಡಕಾಡಿ, ಕೊನೆಗೆ ವಾಕ್ಯ ಬಾಯಿಗೆ ಬರುವಷ್ಟರಲ್ಲಿ ಎದುರಿನವರು ಬೆನ್ನು ತಿರುಗಿಸಿರುತ್ತಿದ್ದರು. ಜೊತೆಯ ಕೆಲಸದವಳೊಬ್ಬಳು ಊಟದ ಹೊತ್ತಿನಲ್ಲಿ ಆಕೆಯ ದನಿಯಲ್ಲಿಯೇ ಆ ವಾಕ್ಯಗಳನ್ನು ಹೇಳಿ ತೋರಿಸುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ತಾನೂ ನಗಬೇಕು ಎಂದುಕೊಂಡು ಖತೀಜಮ್ಮನೂ ನಗುತ್ತಿದ್ದರು. ಕಲಿತು ಆಡುವ ಭಾಷೆ ಎಂದರೆ ಹಾಗೆ: ಗಡಿಬಿಡಿಯ ಬೊಬ್ಬೆಯಲ್ಲ, ತುಂಬಿದ ಟ್ರೇ ಹಿಡಿದು ಒದ್ದೆ ನೆಲದ ಮೇಲೆ ನಡೆದಂತೆ, ಒಂದೊಂದೇ ಹೆಜ್ಜೆ.

ಖತೀಜಮ್ಮ ಬುಧವಾರ ಬರೆದ ಪುಟವನ್ನು ಹರಿದು ಹೊಸದಾಗಿ ಬರೆದರು.

ಶನಿವಾರ ಲೈಬ್ರರಿಯ ಹಿಂದಿನ ಹಾಲಿಗೆ ಬಂದಾಗ ಸ್ಟೂಲಿನ ಪಕ್ಕದಲ್ಲಿ ಒಂದು ಕುರ್ಚಿ, ಅದರ ಮೇಲೆ ಇನ್ನೊಂದು ಮೈಕು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದ ಕೂಟದ ಗೆಳತಿ ಪದ್ಮಜಾ ಉತ್ಸಾಹದಿಂದ ಹೇಳಿದರು: ‘ಇವತ್ತು ಶ್ರೀಕಂಠ ಅವ್ರದ್ದೂ ಆ್ಯಕ್ಟಿಂಗ್ ಇದೆ ಕಣ್ರೀ! ಜಮಖಾನೆ ಸಾಬಿ ಪಾರ್ಟು. ಮನೇಲಿ ಪ್ರಾಕ್ಟೀಸ್ ಮಾಡ್ತಿದ್ರೆ ಸೊಸೆ ಬಿದ್ದುಬಿದ್ದು ನಕ್ಕಳಂತೆ.’

ಶ್ರೀಕಂಠ ಪ್ರೊಜೆಕ್ಟರಿನ ವೈರಿನ ಜೊತೆ ಗುದ್ದಾಡುತ್ತಿದ್ದರು. ತಲೆಯೆತ್ತದೆ ಹೇಳಿದರು: ‘ನಿಮಗೆ ಇಷ್ಟ ಇಲ್ಲ ಅಂದ್ರಲ್ಲ, ನಿಮಗ್ಯಾಕೆ ತೊಂದರೆ ಅಂತ ನಾನೇ ಮಾಡೋಣ ಅಂದ್ಕೊಂಡೆ. ಅದೊಂದೇ ಪಾತ್ರ. ಮಿಕ್ಕಿದ್ದೆಲ್ಲ ನಿಮ್ದೇ. ಇಲ್ಲಿರೋರೆಲ್ಲ ನಮ್ಮವರೇ ಅಲ್ವಾ ಖತೀಜಮ್ಮ, ಯಾರು ತಪ್ಪು ತಿಳೀತಾರೆ?’

ನಮ್ಮವರೇ. ಖತೀಜಮ್ಮ ಸ್ಟೂಲನ್ನು ನೋಡಿದರು. ಹಾಲು ತುಂಬುತ್ತಿತ್ತು. ಮನೆಗೆ ಹೋಗುತ್ತೇನೆ ಎಂದರೆ ಯಾರೂ ತಡೆಯುವುದಿಲ್ಲ; ತಲೆನೋವು ಎಂದು ತಿಳಿದು ಯಾರೋ ಕಾರಿನಲ್ಲಿ ಬಿಟ್ಟುಬರುತ್ತಾರೆ. ಮುಂದಿನ ತಿಂಗಳು ಶ್ರೀಕಂಠ ಅವರೇ ಎಲ್ಲ ದನಿಗಳನ್ನೂ ಆಡಿಯಾರು. ಕುಳಿತರೆ, ಅವರ ಪಕ್ಕದಲ್ಲಿ ಕುಳಿತು ಧಣಿಯ ಮಾತನ್ನು ತಾನೇ ಆಡಿ, ಆ ಸಾಬಿಯ ನಗೆಗೆ ತಾನೇ ತಾಳ ಕೊಟ್ಟಂತಾಗುತ್ತದೆ. ಬಿಟ್ಟರೆ ಸ್ಟೂಲು ಹೋಯಿತು. ಕುಳಿತರೆ ಮುಂದೆ ಆ ಸ್ಟೂಲಿನ ಮೇಲೆ ಕೂರಲು ಮನಸ್ಸಾಗುವುದಿಲ್ಲ.

‘ಶ್ರೀಕಂಠಣ್ಣ, ಒಂದು ಮಾತು ನಡೆಸ್ಕೊಡಿ. ಅವನ ಮೊದಲನೇ ಮಾತು ನಾನು ಹೇಳ್ತೀನಿ. ಒಂದೇ ಒಂದು. ಕೇಳಿ. ಸರಿ ಇಲ್ಲ ಅನ್ನಿಸಿದ್ರೆ ಎರಡನೇ ಮಾತಿಂದ ನೀವು ಮೈಕ್ ಆನ್ ಮಾಡ್ಕೊಳ್ಳಿ. ನಾನು ಸುಮ್ನಿರ್ತೀನಿ.’

ಶ್ರೀಕಂಠ ಅವರಿಗೆ ಇದು ಅಷ್ಟು ದೊಡ್ಡ ವಿಷಯ ಏಕೆ ಎಂದು ಅರ್ಥವಾಗಲಿಲ್ಲ. ಆದರೂ ಆಗಲಿ ಎಂದರು.

ಚಿತ್ರ ಓಡಿತು. ಧಣಿಯ ಭಾಷಣಕ್ಕೆ ಖತೀಜಮ್ಮ ಎಂಥ ದನಿ ಕೊಟ್ಟರೆಂದರೆ, ಊರಿನಲ್ಲಿ ಚುನಾವಣೆ ಕಂಡವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಗಿಲು ಹಾಕಿಕೊಂಡಿತು, ಚಡ್ಡಿ ಬನಿಯನ್ನಿನ ಧಣಿ ಹೂಕುಂಡದ ಹಿಂದೆ ಅಡಗಿದ. ನಗು ಇನ್ನೂ ಏರುತ್ತಿತ್ತು. ಬೀದಿಯ ತಿರುವಿನಲ್ಲಿ, ಹೆಗಲ ಮೇಲೆ ಸುರುಳಿ ಹೊತ್ತು, ಅವನು ಬಂದ. ಶ್ರೀಕಂಠ ಮೈಕಿನ ಗುಂಡಿಯ ಮೇಲೆ ಬೆರಳಿಟ್ಟುಕೊಂಡರು.

ಪರದೆಯ ಮೇಲೆ ಅವನ ಗಂಟಲು ಏರಿ ಇಳಿಯಿತು. ಖತೀಜಮ್ಮ ಅಷ್ಟು ಹೊತ್ತೂ ಕಾದರು.

‘ನೀವು... ಚಳಿ’ ಎಂದರು. ನಿಲ್ಲಿಸಿದರು. ‘ಕ್ಷಮಿಸಿ. ನಿಮಗೆ... ಚಳಿ. ಇದು... ತೆಗೆದುಕೊಳ್ಳಿ. ಇದು... ಒಳಗೆ ಬೆಚ್ಚಗೆ.’ ಪ್ರತಿ ಪದವನ್ನೂ ಎಲ್ಲಿಂದಲೋ ಹುಡುಕಿ ತಂದು, ಒರೆಸಿ, ಮುಂದಿಟ್ಟ ಹಾಗಿತ್ತು.

ಹಾಲಿನಲ್ಲಿ ಏರುತ್ತಿದ್ದ ನಗು ನಿಂತಿತು. ಎರಡನೆಯ ಮಾತಿನ ಸರದಿ ಬಂತು. ಶ್ರೀಕಂಠ ಅವರ ಬೆರಳು ಗುಂಡಿಯ ಮೇಲೆಯೇ ಇತ್ತು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಸಂಗನಬಸಪ್ಪನವರು, ಯಾರನ್ನೂ ಉದ್ದೇಶಿಸದೆ, ದೊಡ್ಡದಾಗಿ ಹೇಳಿದರು:

‘ಏ, ಇಂವಾ ನಾನs ನೋಡ್ರೋ! ಮೊನ್ನಿ ಡಾಕ್ಟರ್ ಮುಂದ ಎದಿ ಉರೀತೈತಿ ಅನ್ನಾಕ ನಾ ಹಿಂಗs ಮಾಡೀನಿ. ಆ ಹುಡುಗಿ ನನ್ನ ಎದ್ಯಾಗ ಬೆಂಕಿ ಬಿದ್ದೈತಿ ಅಂತ ಬರ್ಕೊಂಡ್ಳು!’

ಹಾಲು ಗೊಳ್ಳೆಂದಿತು. ‘ನಂದೂ ಹಂಗೇ ಆಗಿತ್ತು, ಗ್ರೋಸರಿಯಲ್ಲಿ’ ಎಂದು ಹಿಂದಿನಿಂದ ಯಾರೋ ಶುರುಮಾಡಿದರು. ‘ಶ್! ಅವನು ಏನೋ ಹೇಳ್ತಿದಾನೆ, ಕೇಳಿ’ ಎಂದು ಇನ್ನೊಬ್ಬರು ಗದರಿದರು. ಎಲ್ಲರೂ ಪರದೆಯ ಕಡೆಗೆ ಬಾಗಿದರು. ಖತೀಜಮ್ಮ ಎರಡನೆಯ ಮಾತನ್ನೂ ಹೇಳಿದರು, ಮೂರನೆಯದನ್ನೂ ಹೇಳಿದರು. ಪಕ್ಕದ ಮೈಕು ಆನ್ ಆಗಲಿಲ್ಲ.

ಹೆಸರಿನ ಮಾತು ಬಂದಾಗ, ಆ ಉದ್ದದ ಹೆಸರನ್ನು ಮಾತ್ರ ಖತೀಜಮ್ಮ ತಡವರಿಸದೆ ಹೇಳಿದರು. ಅವನೂ ಪರದೆಯ ಮೇಲೆ ಅಲ್ಲಿ ತಡವರಿಸಿರಲಿಲ್ಲ. ‘ಜಮಖಾನೆ ಅಂತಲೇ ಕರೆಯುತ್ತೇನೆ’ ಎಂದ ಧಣಿ. ಹಾಲಿನಲ್ಲಿ ಒಂದಿಬ್ಬರು ನಕ್ಕು, ಉಳಿದವರು ನಗಲಿಲ್ಲವೆಂದು ನಿಲ್ಲಿಸಿದರು. ಅದು ತಾನು ಕಂಡ ಚಿತ್ರಗಳಲ್ಲೆಲ್ಲ ಅತ್ಯಂತ ತಮಾಷೆಯ ಮಾತು ಎಂದು ಶ್ರೀಕಂಠ ಆರಂಭದಲ್ಲಿಯೇ ಎಲ್ಲರಿಗೂ ಹೇಳಿದ್ದರು. ಈಗ ಅವರು ನೆಲ ನೋಡುತ್ತಿದ್ದರು.

ಪುರಭವನದ ದೃಶ್ಯ ಬಂತು. ಧಣಿ ಗೆದ್ದ. ಹೊಸ ಸೂಟು ತೊಟ್ಟು ಮೆಟ್ಟಿಲ ಮೇಲೆ ನಿಂತು ಊರಿನವರ ಕೈಕುಲುಕತೊಡಗಿದ. ಕ್ಷೌರಿಕನ ಕೈ, ಪಾದ್ರಿಯ ಕೈ, ಬ್ರೆಡ್ಡಿನವಳ ನಾಯಿಯ ಮುಂಗಾಲು. ಜಮಖಾನೆಯವನು ಸಾಲಿನ ಕೊನೆಯಲ್ಲಿ ನಿಂತು ಕೈ ಚಾಚಿದ. ಧಣಿ ಅವನನ್ನು ದಾಟಿ ಕಾರು ಹತ್ತಿದ. ಆ ದೃಶ್ಯದಲ್ಲಿ ಅವನಿಗೆ ಮಾತಿಲ್ಲ. ಅಕ್ಷರಗಳಿಲ್ಲ. ಖತೀಜಮ್ಮ ಮೈಕನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕುಳಿತರು.

ಸಂಗನಬಸಪ್ಪನವರಿಂದ ಮಾತ್ರ ಸುಮ್ಮನಿರಲಾಗಲಿಲ್ಲ. ‘ಲೇ ಮಬ್ಬ, ಚಡ್ಡ್ಯಾಗ ನಿಂತಾಗ ಮಾನಾ ಮುಚ್ಚಿದಾಂವ ಅಂವಾ! ಕೈ ಕೊಡಲೇ ಅಂವಗ!’ ಎಂದು ಪರದೆಗೆ ಬೈದರು. ಆಗ ಬಂದ ನಗು ಆ ಮಧ್ಯಾಹ್ನದ ದೊಡ್ಡ ನಗು. ಅದೆಲ್ಲವೂ ಕಾರಿನಲ್ಲಿ ಕುಳಿತು ಹೊರಟವನ ಬೆನ್ನಿಗೆ ಹೋಯಿತು.

ದೀಪ ಹಾಕಿದ ಮೇಲೆ ಪದ್ಮಜಾ ಕಾಫಿಯ ಲೋಟ ಕೊಡುತ್ತಾ, ‘ಚೆನ್ನಾಗಿತ್ತು ಖತೀಜಾ. ಆದ್ರೂ ನಿಜ ಹೇಳ್ಬೇಕು ಅಂದ್ರೆ, ಆ ಸಾಬಿ ಪಾರ್ಟು ಹಳೇ ಥರ ಮಾಡಿದ್ರೆ ಇನ್ನೂ ಮಜಾ ಇರ್ತಿತ್ತು’ ಎಂದರು.

‘ಇರ್ತಿತ್ತೇನೋ’ ಎಂದು ಖತೀಜಮ್ಮ ಕಾಫಿ ಕುಡಿದರು. ಸಕ್ಕರೆ ಕಡಿಮೆಯಾಗಿತ್ತು.

ಶ್ರೀಕಂಠ ಎರಡನೆಯ ಮೈಕಿನ ವೈರನ್ನು ಬಹಳ ಹೊತ್ತು ಸುತ್ತಿದರು. ಹಾಲು ಅರ್ಧ ಖಾಲಿಯಾದ ಮೇಲೆ ಸ್ಟೂಲಿನ ಹತ್ತಿರ ಬಂದರು. ಕ್ಷಮೆಯ ಮಾತು ಅವರ ಬಾಯಿಂದ ಬರಲಿಲ್ಲ; ಖತೀಜಮ್ಮ ಅದಕ್ಕೆ ಕಾಯುತ್ತಲೂ ಇರಲಿಲ್ಲ.

‘ಎಷ್ಟು ಸಲ ನೋಡಿದೀನಿ ಈ ಪಿಕ್ಚರು’ ಎಂದರು. ‘ಅವನು ಕೊನೇಲಿ ಕೈ ಚಾಚ್ತಾನೆ ಅನ್ನೋದೇ ನನಗೆ ಗೊತ್ತಿರ್ಲಿಲ್ಲ. ಆ ಹೊತ್ತಿಗೆ ನಾನು ನಾಯಿ ನೋಡಿ ನಗ್ತಾ ಇರ್ತಿದ್ದೆ.’

‘ನಾಯಿ ಚೆನ್ನಾಗಿ ಮಾಡಿದೆ ಬಿಡಿ’ ಎಂದರು ಖತೀಜಮ್ಮ.

ಶ್ರೀಕಂಠ ನಕ್ಕರು. ಆಮೇಲೆ ಸ್ವಲ್ಪ ಸಂಕೋಚದಿಂದ, ‘ಮುಂದಿನ ತಿಂಗಳಿಗೆ ನಾನು ತೆಗೆದಿಟ್ಟಿರೋದರಲ್ಲೂ ಅಂಥವನೊಬ್ಬ ಇದಾನೆ. ಚೀನಾದ ಅಡುಗೆಯವನು. ನನಗೆ ಈಗ ಯಾಕೋ ಅನುಮಾನ. ಬುಧವಾರ ನೀವು ಬರ್ಕೊಳ್ಳೋ ಹೊತ್ತಿಗೆ ನಾನೂ ಬಂದು ಕೂತ್ಕೊಳ್ಲಾ?’ ಎಂದು ಕೇಳಿದರು.

‘ಬನ್ನಿ, ಹನ್ನೊಂದಕ್ಕೇ ಬನ್ನಿ’ ಎಂದು ಖತೀಜಮ್ಮ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡರು. ‘ಮೊದಲು ದನಿ ನಿಲ್ಲಿಸಿ ಅವನ ಮುಖ ನೋಡೋಣ.’